ಸ್ಕ್ರೀನ್ ಒಡೆದ ಲ್ಯಾಪ್‌ಟಾಪ್: ಮೊದಲು ಟಿವಿ, ಆಮೇಲೆ ಸ್ಕ್ರೂಡ್ರೈವರ್

ಲ್ಯಾಪ್‌ಟಾಪಿನ ಸ್ಕ್ರೀನ್ ಒಡೆದರೆ ಹೋಗಿದ್ದು ಸ್ಕ್ರೀನ್ ಮಾತ್ರ. ಫೋಟೋ, ತೋಟದ ಲೆಕ್ಕ, ಪಹಣಿಯ ಸ್ಕ್ಯಾನ್, ಹೋಂಸ್ಟೇ ಬುಕಿಂಗ್ ಪಟ್ಟಿ ಎಲ್ಲ ಇರುವುದು ಕೀಬೋರ್ಡಿನ ಅಡಿಯಲ್ಲಿರುವ ಡಿಸ್ಕಿನಲ್ಲಿ. ಕೀಬೋರ್ಡಿನ ಮೇಲೆ ಪೆನ್ನು ಮರೆತು ಮುಚ್ಚಳ ಮುಚ್ಚಿರಬಹುದು, ತೋಟದ ದಾರಿಯಲ್ಲಿ ಜೀಪು ಕುಲುಕಿ ಬ್ಯಾಗ್ ಕೆಳಗೆ ಬಿದ್ದಿರಬಹುದು. ಸಾಮಾನ್ಯವಾಗಿ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಆದರೂ ಜನ ಗಾಬರಿ ಬೀಳುತ್ತಾರೆ. ನಮ್ಮ ಕೊಡಗಿನಲ್ಲಿ ನಾಪೋಕ್ಲು ಕಡೆಯಿಂದಲೋ ಶ್ರೀಮಂಗಲದಿಂದಲೋ ಮಳೆಯಲ್ಲಿ ಮಡಿಕೇರಿಗೆ ಹೊರಡುತ್ತಾರೆ. ಅಲ್ಲಿ ಆ ಮಾಡೆಲ್ಲಿನ ಸ್ಕ್ರೀನ್ ಸ್ಟಾಕ್ ಇಲ್ಲ ಅಂದರೆ ಮೈಸೂರಿಗೆ. ಯಾರೋ ಒಬ್ಬರು ‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂತಾರೆ. ಗಾಜು ಒಡೆದಿದ್ದಕ್ಕೂ ಫಾರ್ಮ್ಯಾಟಿಗೂ ಯಾವ ಸಂಬಂಧವೂ ಇಲ್ಲ. ಹಾಗೆ ಹೇಳಿದವರ ಕೈಗೆ ಲ್ಯಾಪ್‌ಟಾಪ್ ಕೊಡಬೇಡಿ, ಅಷ್ಟೇ.

ನನ್ನ ಲೆಕ್ಕದಲ್ಲಿ ಕ್ರಮ ಇಷ್ಟು: ಮೊದಲು ಡಿಸ್ಕಿನ ಬೀಗದ ಕೀ ಎಲ್ಲಿದೆ ನೋಡಿಕೊಳ್ಳುವುದು, ಆಮೇಲೆ ಮನೆಯ ಟಿವಿ, ಯಾವುದೂ ಆಗದಿದ್ದರೆ ಮಾತ್ರ ಸ್ಕ್ರೂಡ್ರೈವರ್. ಬಹಳ ಮಂದಿಗೆ ಟಿವಿ ಹಂತದಲ್ಲೇ ಕೆಲಸ ಮುಗಿಯುತ್ತದೆ.

ಯಂತ್ರಕ್ಕೆ ಜೀವ ಇದೆಯಾ?

ಚಾರ್ಜರ್ ಹಾಕಿ ಆನ್ ಮಾಡಿ. ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಅದರ ಚಿಕ್ಕ ದೀಪ ಒಮ್ಮೆ ಹತ್ತಿ, ಮತ್ತೆ ಒತ್ತಿದರೆ ಆರಿದರೆ ಯಂತ್ರ ಕೆಲಸ ಮಾಡುತ್ತಿದೆ ಎಂದೇ ಅರ್ಥ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕು ಕೀಗಳನ್ನು ಒಟ್ಟಿಗೆ ಒತ್ತಿದಾಗ ‘ಬೀಪ್’ ಅಂದರೆ ವಿಂಡೋಸ್ ಕೂಡ ಮೇಲೆದ್ದಿದೆ.

ಗಾಜು ಒಡೆಯದೆ ಸ್ಕ್ರೀನ್ ಸುಮ್ನೆ ಕಪ್ಪಾಗಿದ್ದರೆ, ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂದಿನ ಬೆಳಕು ಮಾತ್ರ ಹೋಗಿದೆ. ಏನೂ ಜೀವವೇ ಇಲ್ಲದಿದ್ದರೆ ಚಾರ್ಜರ್ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ, ಮತ್ತೆ ಚಾರ್ಜರ್ ಹಾಕಿ ನೋಡಿ. ಆಗಲೂ ಏಳದಿದ್ದರೆ ನೇರವಾಗಿ ಸ್ಕ್ರೂಡ್ರೈವರ್ ಭಾಗಕ್ಕೆ ಹೋಗಬಹುದು.

ಬ್ಯಾಗಿನೊಳಗೆ ಮಳೆ ನೀರು ನುಗ್ಗಿದ್ದರೆ ಮಾತ್ರ ಆನ್ ಮಾಡಲೇಬೇಡಿ. ಒದ್ದೆ ಬೋರ್ಡಿಗೆ ಕರೆಂಟ್ ಕೊಟ್ಟರೆ ಸ್ಕ್ರೀನಿನ ಜೊತೆ ಉಳಿದದ್ದೂ ಹೋಗುತ್ತದೆ. ಆಷಾಢದಲ್ಲಿ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಲ್ಯಾಪ್‌ಟಾಪ್ ತಾನಾಗಿ ಒಣಗುತ್ತದೆ ಅಂತ ಕಾಯುವುದು ಬೇಡ. ರಿಪೇರಿಯವರಿಗೆ ಕೊಟ್ಟು ಬಿಚ್ಚಿಸಿ ಒಣಗಿಸುವುದೇ ಸರಿ.

ಬೀಗದ ಕೀ

ಇದನ್ನು ಯಾರೂ ಮೊದಲು ಯೋಚಿಸುವುದಿಲ್ಲ. ಈಚಿನ ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರಬಹುದು. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗಿದ್ದರೆ ಬೀಗ ಬಿದ್ದಿರುವ ಸಾಧ್ಯತೆ ಜಾಸ್ತಿ. ಲ್ಯಾಪ್‌ಟಾಪ್ ತನ್ನ ಪಾಡಿಗೆ ಓಡುವಾಗ ಇದು ನಿಮಗೆ ಗೊತ್ತೇ ಆಗುವುದಿಲ್ಲ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಎಂಥ ಅಂಗಡಿಯವರೂ ಏನೂ ಮಾಡಲಾರರು.

ಆದ್ದರಿಂದ ಈಗಲೇ ಮೊಬೈಲಿನಲ್ಲಿ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆಗಿ, ಡಿವೈಸಸ್ ಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪನ್ನು ತೆರೆದು, ಬಿಟ್‌ಲಾಕರ್ ರಿಕವರಿ ಕೀ ಇದೆಯಾ ನೋಡಿ. ಇದ್ದರೆ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ತೊಡಕು ಆಗುವುದು ಇಲ್ಲೇ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೋ ಬೆಂಗಳೂರಿನಲ್ಲಿರುವ ಮಗಳೋ ಯಾವುದೋ ಈಮೇಲ್ ಹಾಕಿ ಶುರು ಮಾಡಿಕೊಟ್ಟಿರುತ್ತಾರೆ. ಅದು ಯಾವ ಈಮೇಲ್ ಅಂತ ಮನೆಯವರಿಗೆ ಫೋನ್ ಮಾಡಿ ಕೇಳಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೀ ಆಫೀಸಿನ ಐಟಿಯವರ ಹತ್ತಿರ ಇರುತ್ತದೆ.

ಅದೇ ಅಕೌಂಟಿನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವನ್ನೂ ಒಮ್ಮೆ ತೆರೆದು ನೋಡಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ನಿಮಗೆ ತಿಳಿಯದೆಯೇ ಅಲ್ಲಿಗೆ ಸೇರುತ್ತಿರಬಹುದು. ಸಿಕ್ಕಿದರೆ ಅರ್ಧ ಕೆಲಸ ಕೂತಲ್ಲೇ ಮುಗಿಯಿತು.

ಟಿವಿಗೆ ಜೋಡಿಸುವುದು

ಲ್ಯಾಪ್‌ಟಾಪಿನ ಪಕ್ಕದಲ್ಲಿ ಎಚ್‌ಡಿಎಂಐ ತೂತು ಇದ್ದರೆ ಕೇಬಲ್ ಕೊಳ್ಳಲು ಪೇಟೆಗೆ ಹೋಗಬೇಡಿ. ಡಿಶ್ಶಿನ ಸೆಟ್‌ಟಾಪ್ ಬಾಕ್ಸಿನಿಂದ ಟಿವಿಗೆ ಹೋಗಿರುವ ಕೇಬಲ್ ಬಹುತೇಕ ಅದೇ ಎಚ್‌ಡಿಎಂಐ. ಬಾಕ್ಸಿನ ಕಡೆಯ ತುದಿಯನ್ನು ಕಿತ್ತು ಲ್ಯಾಪ್‌ಟಾಪಿಗೆ ಹಾಕಿ. ಟಿವಿ ಕಡೆಯ ತುದಿ ಹಾಗೇ ಇದ್ದರೆ ಇನ್‌ಪುಟ್ ಬದಲಿಸುವ ತಾಪತ್ರಯವೂ ಇಲ್ಲ. ಗೋಡೆಗೆ ಹೊಡೆದ ಟಿವಿ ಆದರೆ ಕೇಬಲ್ ಗಿಡ್ಡವಾಗುತ್ತದೆ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳಿ. ಕೇಬಲ್ ಎಳೆದುಕೊಂಡು ನಿಲ್ಲುವಂತೆ ಇಡಬೇಡಿ, ಲ್ಯಾಪ್‌ಟಾಪಿನ ತೂತು ಹಾಳಾಗುತ್ತದೆ.

ಹಳೇ ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ವಿಜಿಎ ತೂತು ಇರಬಹುದು. ಅದಕ್ಕೆ ಹಳೇ ಕಂಪ್ಯೂಟರ್ ಮಾನಿಟರ್ ಸಾಕು. ತೆಳ್ಳನೆಯ ಹೊಸ ಲ್ಯಾಪ್‌ಟಾಪಿನಲ್ಲಿ ಟೈಪ್-ಸಿ ಮಾತ್ರ ಇದ್ದರೆ ಟೈಪ್-ಸಿಯಿಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಬೇಕು. ಎಲ್ಲ ಟೈಪ್-ಸಿ ತೂತಿನಿಂದಲೂ ಚಿತ್ರ ಹೊರಗೆ ಬರುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್ ಹೆಸರು ಹಾಕಿ ವಿವರ ನೋಡಿಕೊಳ್ಳಿ.

ಜೋಡಿಸಿದ ಮೇಲೆ ಟಿವಿಯಲ್ಲಿ ಚಿತ್ರ ಬಂದರೆ ಸಂತೋಷ. ಬರದಿದ್ದರೆ ಕಣ್ಣು ಮುಚ್ಚಿ ಕೀಬೋರ್ಡ್ ಒತ್ತುವ ಕೆಲಸ ಶುರು:

1. ಲ್ಯಾಪ್‌ಟಾಪನ್ನು ಕೇಬಲ್ ಹಾಕಿದ ಹಾಗೇ ಆನ್ ಮಾಡಿ ಎರಡು ನಿಮಿಷ ಬಿಡಿ.
2. ಸ್ಪೇಸ್ ಬಾರ್ ಒಮ್ಮೆ ಒತ್ತಿ, ಸ್ವಲ್ಪ ತಡೆದು ಪಿನ್ ಹೊಡೆಯಿರಿ. ಪಾಸ್‌ವರ್ಡ್ ಆದರೆ ಕೊನೆಗೆ ಎಂಟರ್. ಅದಕ್ಕೂ ಮುಂಚೆ ಕ್ಯಾಪ್ಸ್ ಲಾಕ್ ದೀಪ ಆರಿದೆಯಾ ನೋಡಿ. ಪಿನ್ನನ್ನು ಬಲಗಡೆಯ ಅಂಕಿಗಳ ಬದಲು ಮೇಲಿನ ಸಾಲಿನಲ್ಲಿ ಹೊಡೆಯುವುದು ಒಳ್ಳೆಯದು, ನಮ್ ಲಾಕ್ ಗೊಂದಲ ಇರುವುದಿಲ್ಲ.
3. ವಿಂಡೋಸ್ ಕೀ ಹಿಡಿದು ಪಿ ಒತ್ತಿ. ಎರಡು ಸೆಕೆಂಡ್ ತಡೆಯಿರಿ. ಕೆಳಮುಖ ಬಾಣದ ಕೀ ಒಂದೇ ಸಲ ಒತ್ತಿ. ಎಂಟರ್ ಒತ್ತಿ.
4. ಹತ್ತು ಸೆಕೆಂಡ್ ಟಿವಿ ನೋಡಿ. ಏನೂ ಬರದಿದ್ದರೆ ಮೂರನೇ ಹಂತವನ್ನೇ ಮತ್ತೆ ಮಾಡಿ.

ಬಾಣದ ಕೀಯನ್ನು ಒಂದೊಂದೇ ಸಲ ಯಾಕೆ ಅಂದರೆ, ವಿಂಡೋಸ್-ಪಿ ಒತ್ತಿದಾಗ ಬರುವ ಪಟ್ಟಿಯಲ್ಲಿ ನಾಲ್ಕು ಸಾಲು ಇರುತ್ತವೆ: ಲ್ಯಾಪ್‌ಟಾಪ್ ಸ್ಕ್ರೀನ್ ಮಾತ್ರ, ಡೂಪ್ಲಿಕೇಟ್, ಎಕ್ಸ್‌ಟೆಂಡ್, ಎರಡನೇ ಸ್ಕ್ರೀನ್ ಮಾತ್ರ. ನೀವು ಈಗ ಯಾವ ಸಾಲಿನಲ್ಲಿದ್ದೀರಿ ಅಂತ ಕಾಣುವುದಿಲ್ಲ. ಒಂದೊಂದೇ ಮೆಟ್ಟಿಲು ಇಳಿದರೆ ಎಲ್ಲಿಂದ ಹೊರಟರೂ ಟಿವಿಗೆ ಬಂದು ಸೇರುತ್ತೀರಿ.

ಇಲ್ಲಿ ಒಂದು ಮೋಸ ಇದೆ. ಟಿವಿಯಲ್ಲಿ ವಾಲ್‌ಪೇಪರ್ ಮಾತ್ರ ಬರುತ್ತದೆ. ಬೆಟ್ಟವೋ ಹೂವೋ ಚೆನ್ನಾಗಿ ಕಾಣುತ್ತದೆ, ಐಕಾನ್ ಒಂದೂ ಇಲ್ಲ. ಮೌಸ್ ಆಡಿಸಿದರೆ ಬಾಣ ಎಲ್ಲೋ ಮಾಯ. ಫೈಲೆಲ್ಲ ಹೋಯಿತು ಅಂತ ಜನ ಎದೆ ಹಿಡಿದುಕೊಳ್ಳುವುದು ಇದನ್ನು ನೋಡಿಯೇ. ಏನೂ ಹೋಗಿಲ್ಲ. ಅದು ಎಕ್ಸ್‌ಟೆಂಡ್ ಸಾಲು. ಐಕಾನುಗಳೆಲ್ಲ ಒಡೆದ ಸ್ಕ್ರೀನಿನ ಕಡೆ ಕೂತಿವೆ, ಟಿವಿಗೆ ಖಾಲಿ ಜಾಗ ಬಂದಿದೆ. ವಿಂಡೋಸ್-ಪಿ, ಇನ್ನೊಂದು ಕೆಳಬಾಣ, ಎಂಟರ್. ಎಲ್ಲವೂ ಟಿವಿಗೆ ಬರುತ್ತದೆ.

ಕತ್ತಲಲ್ಲಿ ತಡಕಾಡುವುದು ಬೇಡ ಅನಿಸಿದರೆ ವಿಂಡೋಸ್, ಕಂಟ್ರೋಲ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 10 ಮತ್ತು 11ರಲ್ಲಿ ನರೇಟರ್ ಎದ್ದು, ಪರದೆಯಲ್ಲಿ ಏನಿದೆ ಅಂತ ಓದಿ ಹೇಳತೊಡಗುತ್ತದೆ. ಪಿನ್ ಕೇಳುತ್ತಿದೆಯಾ, ಪಟ್ಟಿಯ ಯಾವ ಸಾಲಿನಲ್ಲಿದ್ದೀರಿ, ಎಲ್ಲ ಕಿವಿಗೆ ಬೀಳುತ್ತದೆ. ಕಣ್ಣು ಕಾಣದವರಿಗಾಗಿ ಮಾಡಿದ ಸೌಲಭ್ಯ ಇದು, ಇಂಥ ಹೊತ್ತಿನಲ್ಲಿ ನಮಗೂ ಆಗುತ್ತದೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಅದೂ ಬಿರುಸಾಗಿ ಮಾತಾಡುತ್ತದೆ. ಕಂಟ್ರೋಲ್ ಕೀ ಒತ್ತಿದರೆ ಸುಮ್ಮನಾಗುತ್ತದೆ. ಪೂರ್ತಿ ನಿಲ್ಲಿಸಲು ಅದೇ ಮೂರು ಕೀ ಮತ್ತೆ.

ಚಿತ್ರ ಬಂತು, ಆದರೆ ಕೆಳಗಿನ ಟಾಸ್ಕ್‌ಬಾರ್ ಕತ್ತರಿಸಿ ಹೋಗಿದೆ ಅಂದರೆ ಅದು ಟಿವಿಯ ಜೂಮ್. ಟಿವಿ ರಿಮೋಟಿನ ಪಿಕ್ಚರ್ ಸೆಟ್ಟಿಂಗಿನಲ್ಲಿ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಅಂತ ಏನಾದರೂ ಇರುತ್ತದೆ, ಅದನ್ನು ಹಾಕಿ.

ಮ್ಯಾಕ್‌ಬುಕ್ ಇರುವವರಿಗೂ ದಾರಿ ಇದೇ. ಕಮ್ಯಾಂಡ್ ಮತ್ತು ಎಫ್5 ಒತ್ತಿದರೆ ವಾಯ್ಸ್‌ಓವರ್ ಓದಿ ಹೇಳುತ್ತದೆ. ಚಾರ್ಜರ್, ಹೊರಗಿನ ಕೀಬೋರ್ಡ್, ಮೌಸ್ ಮೂರೂ ಜೋಡಿಸಿ ಮುಚ್ಚಳ ಮುಚ್ಚಿದರೆ ಎಲ್ಲವೂ ಟಿವಿಗೇ ಬರುತ್ತದೆ.

ಕಾಪಿ ಮಾಡುವಾಗ

ಫೈಲುಗಳನ್ನು ಎಲ್ಲಿಗೆ ಹಾಕುವುದು? ಕ್ಲೌಡಿಗೆ ಅಪ್‌ಲೋಡ್ ಮಾಡಿ ಅಂತ ಬೆಂಗಳೂರಿನವರು ಸಲಹೆ ಕೊಡುತ್ತಾರೆ. ತೋಟದ ಮನೆಯಲ್ಲಿ ಮೊಬೈಲ್ ನೆಟ್ಟಿಗೆ ಕಿಟಕಿ ಹತ್ತಿರ ನಿಂತುಕೊಳ್ಳುವ ನಾವು ಮದುವೆ ವಿಡಿಯೋಗಳನ್ನೆಲ್ಲ ಮೇಲಕ್ಕೆ ಕಳಿಸುತ್ತಾ ಕೂತರೆ ಪುತ್ತರಿ ಹಬ್ಬವೇ ಬಂದೀತು. ಒಂದು ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿ ತಂದುಕೊಳ್ಳಿ. ಫೈಲು ಕಡಿಮೆ ಇದ್ದರೆ ಪೆನ್‌ಡ್ರೈವ್ ಸಾಕು.

ಪೆನ್‌ಡ್ರೈವಿನಲ್ಲಿ ಜಾಗ ಇದ್ದರೂ ದೊಡ್ಡ ವಿಡಿಯೋ ಹೋಗುತ್ತಿಲ್ಲ ಅಂದರೆ ಅದು ಫ್ಯಾಟ್32 ಎಂಬ ಹಳೇ ಬಗೆಯ ಫಾರ್ಮ್ಯಾಟ್ ಆಗಿರುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದಿಲ್ಲ. ಪೆನ್‌ಡ್ರೈವ್ ಖಾಲಿ ಇದೆಯಾ ನೋಡಿ ಎಕ್ಸ್‌ಫ್ಯಾಟ್ ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಪೆನ್‌ಡ್ರೈವನ್ನೇ ಫಾರ್ಮ್ಯಾಟ್ ಮಾಡುತ್ತಿದ್ದೀರಾ ಅಂತ ಎರಡು ಸಲ ನೋಡಿ.

ಎರಡು ಲ್ಯಾಪ್‌ಟಾಪುಗಳ ನಡುವೆ ಸಾಮಾನ್ಯ ಯುಎಸ್‌ಬಿ ಕೇಬಲ್ ಹಾಕಿದರೆ ಫೈಲು ಹೋಗುವುದಿಲ್ಲ. ಎರಡೂ ಕಡೆ ಅಗಲದ ಯುಎಸ್‌ಬಿ ತುದಿ ಇರುವ ಕೇಬಲ್ ಹಾಕಿ ನೋಡುವ ಸಾಹಸವಂತೂ ಬೇಡ, ತೂತುಗಳೇ ಸುಟ್ಟುಹೋಗಬಹುದು. ಒಂದೇ ವೈಫೈನಲ್ಲಿ ಎರಡನ್ನೂ ಸೇರಿಸಿ ಫೋಲ್ಡರ್ ಶೇರ್ ಮಾಡಬಹುದು, ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ. ಆದರೂ ನನಗೆ ಹಾರ್ಡ್ ಡಿಸ್ಕೇ ಇಷ್ಟ. ಕಾಪಿ ಆಗಿದ್ದು ಕೈಯಲ್ಲಿ ಇರುತ್ತದೆ.

ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಎಲ್ಲ ಅಲ್ಲೇ ಇವೆ. ಡಿ ಡ್ರೈವ್ ಇದ್ದರೆ ಅದನ್ನು ಮರೆಯಬೇಡಿ. ತೋಟದ ಲೆಕ್ಕ ಟ್ಯಾಲಿಯಲ್ಲಿ ಇಟ್ಟವರು ಗಮನಿಸಿ: ಟ್ಯಾಲಿಪ್ರೈಮಿನ ಡೇಟಾ ಸಾಮಾನ್ಯವಾಗಿ ನಿಮ್ಮ ಹೆಸರಿನ ಫೋಲ್ಡರಿನಲ್ಲಿ ಇರುವುದಿಲ್ಲ. ಯೂಸರ್ಸ್ ಒಳಗಿನ ಪಬ್ಲಿಕ್ ಫೋಲ್ಡರಿನಲ್ಲಿ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ ಅಂತ ಇರುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಎಕ್ಸೆಲ್ಲಿನಲ್ಲಿ ಇಟ್ಟ ಚೆಕ್‌ರೋಲ್ (ಕೂಲಿಯವರ ಹಾಜರಿ ಪಟ್ಟಿ) ಎಲ್ಲಿದೆ ಅಂತ ಅವರನ್ನೇ ಕೇಳಿಬಿಡಿ, ಹುಡುಕಿ ಸುಸ್ತಾಗಬೇಡಿ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಬೇಕಿದ್ದರೆ ಬ್ರೌಸರ್ ತೆರೆದು ಸಿಂಕ್ ಆನ್ ಆಗಿದೆಯಾ ಈಗಲೇ ನೋಡಿ. ಡಿಸ್ಕ್ ಬಿಚ್ಚಿದ ಮೇಲೆ ಅವು ಸುಲಭಕ್ಕೆ ಸಿಗುವುದಿಲ್ಲ.

ಕಟ್ ಮಾಡಬೇಡಿ, ಕಾಪಿ ಮಾಡಿ. ಇಡೀ ಯೂಸರ್ಸ್ ಫೋಲ್ಡರನ್ನು ಒಂದೇ ಸಲ ಎಳೆಯುವ ಬದಲು ಒಂದೊಂದೇ ಫೋಲ್ಡರ್ ಹಾಕಿ. ನಡುವೆ ನಿಂತರೂ ಎಲ್ಲಿವರೆಗೆ ಆಗಿದೆ ಅಂತ ಗೊತ್ತಿರುತ್ತದೆ. ಹಳೇ ಯುಎಸ್‌ಬಿ 2.0 ತೂತಿನಲ್ಲಿ ಸೆಕೆಂಡಿಗೆ 30 ಎಂಬಿಯಷ್ಟು ಹೋಗುತ್ತದೆ ಅಂದುಕೊಂಡರೆ 100 ಜಿಬಿಗೆ ಹತ್ತಿರ ಹತ್ತಿರ ಒಂದು ಗಂಟೆ. ಯುಎಸ್‌ಬಿ 3.0 ತೂತು ಬಹಳಷ್ಟು ಕಡೆ ಒಳಗೆ ನೀಲಿ ಬಣ್ಣ ಇರುತ್ತದೆ, ಅದಕ್ಕೆ ಹಾಕಿದರೆ ಬೇಗ ಮುಗಿಯುತ್ತದೆ. ಸಾವಿರಾರು ಚಿಕ್ಕ ಫೈಲುಗಳಿದ್ದರೆ ಎರಡರಲ್ಲೂ ನಿಧಾನವೇ.

ಇನ್ನು ನಮ್ಮ ಕರೆಂಟು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಟಿವಿ ಆರುತ್ತದೆ. ಗಾಬರಿ ಬೇಡ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇರುತ್ತದೆ. ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಚಿಕ್ಕ ಹಾರ್ಡ್ ಡಿಸ್ಕ್ ಆದರೆ ಅದೂ ಓಡುತ್ತಿರುತ್ತದೆ. ಟಿವಿ ಕಪ್ಪಗಾದರೂ ಕಾಪಿ ನಡೆದೇ ಇರುತ್ತದೆ. ಆದರೆ ಮುಚ್ಚಳ ತೆರೆದಿರಬೇಕು. ಮುಚ್ಚಿಟ್ಟಿದ್ದರೆ, ಟಿವಿ ಆರಿದ ಕೂಡಲೇ ಲ್ಯಾಪ್‌ಟಾಪ್ ನಿದ್ದೆಗೆ ಹೋಗಿ ಕಾಪಿ ನಿಲ್ಲಬಹುದು. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪನ್ನು ಮೊದಲೇ ‘ನೆವರ್’ ಮಾಡಿಟ್ಟುಕೊಳ್ಳಿ. ಒಡೆದ ಗಾಜು ಉದುರುತ್ತಿದ್ದರೆ ಮೇಲೆ ಅಗಲದ ಸೆಲ್ಲೋ ಟೇಪ್ ಅಂಟಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಸಿಡಿಲಿನ ಹೊತ್ತಿನಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಟಿವಿ, ಚಾರ್ಜರ್ ಎಲ್ಲ ಪ್ಲಗ್ಗಿನಿಂದ ಕಿತ್ತಿಡಬೇಕಾದ ಹೊತ್ತು ಅದು.

ಟಿವಿಯಲ್ಲೂ ಬರದಿದ್ದರೆ

ಯಂತ್ರ ಏಳುವುದೇ ಇಲ್ಲ, ಅಥವಾ ಟಿವಿಗೂ ಚಿತ್ರ ಕೊಡುತ್ತಿಲ್ಲ ಅಂದರೆ ಡಿಸ್ಕ್ ಬಿಚ್ಚಬೇಕು. ವಾರಂಟಿ ಉಳಿದಿದ್ದರೆ ಮೊದಲು ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಡಿಸ್ಕ್ ಬೋರ್ಡಿಗೇ ಬೆಸುಗೆ ಹಾಕಿರುವ ಮಾಡೆಲ್ ಆದರೆ ಬಿಚ್ಚಿ ಪ್ರಯೋಜನವಿಲ್ಲ. ಈಚಿನ ಮ್ಯಾಕ್‌ಬುಕ್‌ಗಳು, ಕಡಿಮೆ ಬೆಲೆಯ ಕೆಲವು ಚಿಕ್ಕ ಲ್ಯಾಪ್‌ಟಾಪುಗಳು ಈ ಗುಂಪಿನವು.

ಬಿಚ್ಚುವ ಮುಂಚೆ ಪೂರ್ತಿ ಆಫ್ ಮಾಡಿ. ಲಾಗಿನ್ ಆಗಿದ್ದರೆ ವಿಂಡೋಸ್ ಮತ್ತು ಎಕ್ಸ್ ಒಟ್ಟಿಗೆ, ಬಿಟ್ಟು ಯು, ಮತ್ತೆ ಯು. ಕಾಣದೆಯೇ ಶಟ್‌ಡೌನ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಹಿಂದಿನ ಮುಚ್ಚಳದ ಸ್ಕ್ರೂಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ತೆಗೆದ ಸ್ಕ್ರೂವನ್ನು ಅದೇ ಜಾಗದಲ್ಲಿ ಇಡಿ. ಮುಚ್ಚಳವನ್ನು ಹಳೇ ಎಟಿಎಂ ಕಾರ್ಡಿನಿಂದ ಅಂಚಿನಲ್ಲಿ ಎಬ್ಬಿಸಿ, ಚಾಕು ಬೇಡ. ತೆರೆದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚುವುದು.

ಒಳಗೆ ಎರಡು ಬಗೆಯ ಡಿಸ್ಕ್ ಸಿಗಬಹುದು. ಹಳೇ ಲ್ಯಾಪ್‌ಟಾಪಿನಲ್ಲಿ ಅಂಗೈ ಅಗಲದ 2.5 ಇಂಚಿನ ಸಾಟಾ ಡಿಸ್ಕ್. ಅದನ್ನು ಪಕ್ಕಕ್ಕೆ ಜಾರಿಸಿ ತೆಗೆಯುವುದು, ಸಾಟಾದಿಂದ ಯುಎಸ್‌ಬಿಗೆ ಬರುವ ಒಂದು ಕೇಬಲ್ ಸಾಕು. ಹೊಸದರಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಎಸ್‌ಎಸ್‌ಡಿ, ಸಾಮಾನ್ಯವಾಗಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ತುದಿಯ ಒಂದೇ ಸ್ಕ್ರೂ ತೆಗೆದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಹಿಂದಕ್ಕೆ ಎಳೆಯಿರಿ, ನೆಟ್ಟಗೆ ಮೇಲಕ್ಕೆ ಎತ್ತಬೇಡಿ. ಚಿನ್ನದ ಬಣ್ಣದ ತುದಿ ಮುಟ್ಟಬೇಡಿ.

ಎಂ.2 ಒಳಗೂ ಎರಡು ಜಾತಿ: ಸಾಟಾ ಮತ್ತು ಎನ್‌ವಿಎಂಇ. ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಇವನ್ನು ಯುಎಸ್‌ಬಿಗೆ ಜೋಡಿಸಲು ಒಂದು ಡಬ್ಬಿ (ಎನ್‌ಕ್ಲೋಶರ್) ಬೇಕು, ಒಂದರ ಡಬ್ಬಿ ಇನ್ನೊಂದಕ್ಕೆ ಆಗುವುದಿಲ್ಲ. ಆನ್‌ಲೈನಿನಲ್ಲಿ ತರಿಸುವಾಗ ಎರಡಕ್ಕೂ ಆಗುವ ಡಬ್ಬಿಯನ್ನೇ ತರಿಸಿ. ತಪ್ಪಾಗಿ ಬಂದರೆ ವಾಪಸ್ ಕಳಿಸಿ ಮತ್ತೆ ತರಿಸುವಷ್ಟರಲ್ಲಿ ಒಂದು ವಾರ ಹೋಗುತ್ತದೆ.

ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದಾಗ ಮೂರು ಪ್ರಶ್ನೆಗಳಲ್ಲಿ ಯಾವುದಾದರೂ ಎದುರಾಗಬಹುದು. ಡ್ರೈವಿನ ಚಿತ್ರದ ಮೇಲೆ ಬೀಗ ಕಂಡರೆ ಬರೆದಿಟ್ಟ 48 ಅಂಕಿ ಹಾಕಿ. ಫೋಲ್ಡರ್ ತೆರೆಯಲು ಅನುಮತಿ ಇಲ್ಲ ಅಂದರೆ ಕಂಟಿನ್ಯೂ ಒತ್ತಿ ತಾಳ್ಮೆಯಿಂದ ಕಾಯಿರಿ. ಡಿಸ್ಕನ್ನು ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು ಅಂತ ಕೇಳಿದರೆ ಕ್ಯಾನ್ಸಲ್. ಎಷ್ಟು ಸಲ ಕೇಳಿದರೂ ಕ್ಯಾನ್ಸಲ್.

ಹಳೇ ತಿರುಗುವ ಹಾರ್ಡ್ ಡಿಸ್ಕ್ ‘ಕಟ್ ಕಟ್’ ಅಂತ ಸದ್ದು ಮಾಡುತ್ತಿದ್ದರೆ ತಕ್ಷಣ ಕಳಚಿ. ಬಿದ್ದ ಏಟಿಗೆ ಒಳಗೆ ಪೆಟ್ಟಾಗಿದೆ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಉಳಿದದ್ದು ಕೆಡುತ್ತದೆ. ಅದು ಡೇಟಾ ರಿಕವರಿ ಮಾಡುವವರ ಕೆಲಸ, ಮನೆಯಲ್ಲಿ ಆಗುವುದಲ್ಲ.

ಹೊಸ ಕಂಪ್ಯೂಟರಿಗೆ ಹಾಕಿದ ಮೇಲೆ

ಕಾಪಿ ಆಯಿತು ಅಂತ ಸುಮ್ಮನಾಗಬೇಡಿ. ಒಂದೊಂದು ಫೋಲ್ಡರಿನಿಂದ ನಾಲ್ಕೈದು ಫೈಲು ತೆರೆದು ನೋಡಿ. ದೊಡ್ಡ ವಿಡಿಯೋ ಒಂದನ್ನು ಕೊನೆಯವರೆಗೂ ಎಳೆದು ನೋಡಿ. ಹಳೇ ಕನ್ನಡ ಪತ್ರಗಳು ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬಂದರೆ ಫೈಲು ಕೆಟ್ಟಿಲ್ಲ. ಅದು ಯೂನಿಕೋಡ್ ಬರುವ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಹೊಸ ಕಂಪ್ಯೂಟರಿಗೆ ಆ ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತದೆ. ಸಂಘದ, ದೇವಸ್ಥಾನ ಸಮಿತಿಯ ಹಳೇ ನಡಾವಳಿಗಳನ್ನು ಟೈಪ್ ಮಾಡಿಟ್ಟವರಿಗೆ ಈ ಅನುಭವ ಗ್ಯಾರಂಟಿ.

ಇನ್ನೊಂದು ಪ್ರತಿ ಬೇರೆ ಊರಿನಲ್ಲಿರಲಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದನ್ನು ಕಂಡ ಮೇಲೆ ಲ್ಯಾಪ್‌ಟಾಪೂ ಬ್ಯಾಕಪ್ಪೂ ಒಂದೇ ಬೀರುವಿನಲ್ಲಿ ಇಡುವುದು ಸರಿ ಅನಿಸುವುದಿಲ್ಲ. ಮೈಸೂರಿನ ನೆಂಟರ ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇಟ್ಟರೆ ಸಾಕು. ಮನೆಯಲ್ಲೇ ಇಡುವ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಚಪ್ಪಲಿಗೆ ಬೂಷ್ಟು ಹಿಡಿಯುವ ಹವೆಯಲ್ಲಿ ಕನೆಕ್ಟರಿಗೂ ತುಕ್ಕು ಬರುತ್ತದೆ.

ಒಡೆದ ಲ್ಯಾಪ್‌ಟಾಪನ್ನು ಏನು ಮಾಡುವುದು ಅಂತ ಆಮೇಲೆ ನಿಧಾನವಾಗಿ ಯೋಚಿಸಿ. ಸ್ಕ್ರೀನ್ ಹಾಕಿಸುವುದಾದರೆ ಹಳೇ ಪ್ಯಾನೆಲ್ಲಿನ ಹಿಂದಿರುವ ಪಾರ್ಟ್ ನಂಬರಿನ ಫೋಟೋ ಅಂಗಡಿಗೆ ಮೊದಲೇ ಕಳಿಸಿ. ಅದೇ ಪ್ಯಾನೆಲ್ ಬಂದಿದೆ ಅಂತ ಖಾತ್ರಿಯಾದ ಮೇಲೆ ಬಸ್ಸು ಹತ್ತಿ. ರಿಪೇರಿಗೆ ಕೊಡುವಾಗ ಪಾಸ್‌ವರ್ಡ್ ಹೇಳುವ ಅಗತ್ಯವಿಲ್ಲ, ಸ್ಕ್ರೀನ್ ಹತ್ತಿದ್ದು ಲಾಗಿನ್ ಪುಟದಲ್ಲೇ ಗೊತ್ತಾಗುತ್ತದೆ. ರಿಪೇರಿ ಬೇಡ ಅನಿಸಿದರೆ ಹಳೇ ಮಾನಿಟರಿಗೆ ಜೋಡಿಸಿ ತೋಟದ ಆಫೀಸಿನಲ್ಲಿ ಡೆಸ್ಕ್‌ಟಾಪಿನಂತೆ ಇಟ್ಟುಕೊಳ್ಳಬಹುದು. ವಿಂಡೋಸ್ 10 ಇದ್ದರೆ ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆದ್ದರಿಂದ ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಮಾರುವುದಾದರೆ ಡಿಸ್ಕ್ ತೆಗೆದಿಟ್ಟುಕೊಂಡೇ ಮಾರಿ.